ತೆರೆದ ಬಾಗಿಲಿಗೆ ಎರಡೆರಡು ಕಾವಲು

ಯುರೋಪಿನಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವಾಗ ಕೇಳುವವರೇ ಇಲ್ಲ ಎಂಬ ಮಾತನ್ನು ನಂಬಿ ಪಾಸ್‌ಪೋರ್ಟನ್ನು ಮನೆಯ ಬೀರುವಿನಲ್ಲಿ ಬಿಟ್ಟು ಹೊರಡುವ ಭೋಳೆ ಸ್ವಭಾವದವರಿಗೆ ಜರ್ಮನಿಯ ಸರ್ಕಾರವು ಹತ್ತು ವರ್ಷಗಳಿಂದ ತಿಳಿವಳಿಕೆ ನೀಡುತ್ತಾ ಬಂದಿದೆ. ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ 2015ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾದ ಕಡೆಯ ಗಡಿಯಲ್ಲಿ ಆರಂಭವಾದ ಪಾಸ್‌ಪೋರ್ಟ್ ತಪಾಸಣೆ ಕೇವಲ ತಾತ್ಕಾಲಿಕವಾದದ್ದು. ಅವಧಿ ಮುಗಿಯುವ ದಿನ ಹತ್ತಿರ ಬಂದಾಗಲೆಲ್ಲ ಅದನ್ನು ಮತ್ತೆ ಆರು ತಿಂಗಳು ಮುಂದುವರಿಸುತ್ತಾರೆ, ಅಷ್ಟೆ. ಆಸ್ಟ್ರಿಯಾವನ್ನು ಮಾತ್ರ ಇಷ್ಟು ವಿಶೇಷವಾಗಿ ಕಾಣುವುದು ಉಳಿದವರಿಗೆ ಅವಮಾನವೆಂದು ತೋರಿತೋ ಏನೋ, ಬರಬರುತ್ತಾ ಪೋಲೆಂಡ್, ಚೆಕ್ ಗಣರಾಜ್ಯ, ಸ್ವಿಟ್ಜರ್ಲೆಂಡ್‌ಗಳನ್ನೂ, 2024ರ ಸೆಪ್ಟೆಂಬರ್ 16ರಿಂದ ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಮತ್ತು ಡೆನ್ಮಾರ್ಕ್‌ಗಳನ್ನೂ ಪಟ್ಟಿಗೆ ಸೇರಿಸಿ, ಒಂಬತ್ತೂ ನೆರೆದೇಶಗಳಿಗೆ ಪಂಕ್ತಿಭೇದವಿಲ್ಲದೆ ಬಡಿಸಲಾಯಿತು.

ಈ ವ್ಯವಸ್ಥೆಯ ಸೊಗಸನ್ನು ಸವಿಯಬೇಕಾದರೆ ಶೆಂಗೆನ್ ಎಂಬ ಹಳ್ಳಿಗೇ ಹೋಗಬೇಕು. ಲಕ್ಸೆಂಬರ್ಗಿಗೆ ಸೇರಿದ, ದ್ರಾಕ್ಷಿತೋಟಗಳ ನಡುವಿನ ಈ ಪುಟ್ಟ ಊರಿನಲ್ಲಿ ಮೂರು ದೇಶಗಳು ಸಂಧಿಸುತ್ತವೆ. ಊರಿನ ಮುಂದೆ ಹರಿಯುವ ಮೊಸೆಲ್ ನದಿಯಂತೂ ಆ ಭಾಗದಲ್ಲಿ ಲಕ್ಸೆಂಬರ್ಗ್ ಮತ್ತು ಜರ್ಮನಿಗಳ ಜಂಟಿ ಸ್ವತ್ತು; ಅಂದರೆ ನೀರಿನ ನಡುವೆ ಗಡಿಗೆರೆಯೇ ಇಲ್ಲ, ಮೀನುಗಳು ಹುಟ್ಟಿನಿಂದಲೇ ಎರಡು ದೇಶದವು. 1985ರ ಜೂನ್ 14ರಂದು ಇದೇ ನದಿಯಲ್ಲಿ ನಿಲ್ಲಿಸಿದ್ದ ‘ಪ್ರಿನ್ಸೆಸ್ ಮಾರಿ-ಆಸ್ಟ್ರಿಡ್’ ಎಂಬ ಹಡಗಿನಲ್ಲಿ ಐದು ದೇಶಗಳ ಪ್ರತಿನಿಧಿಗಳು ಕುಳಿತು, ಇನ್ನು ಮುಂದೆ ನಮ್ಮ ನಮ್ಮ ನಡುವೆ ತಪಾಸಣೆ ಬೇಡವೆಂದು ಸಹಿ ಹಾಕಿದರು. ಆ ಐದರಲ್ಲಿ ಅಂದಿನ ಪಶ್ಚಿಮ ಜರ್ಮನಿಯೂ ಒಂದು. 2025ರಲ್ಲಿ ಈ ಶೆಂಗೆನ್ ಒಪ್ಪಂದಕ್ಕೆ ನಲವತ್ತು ತುಂಬಿದ ಸಂಭ್ರಮಕ್ಕೆ ಆ ಹಳೆಯ ಹಡಗನ್ನು ದುರಸ್ತಿ ಮಾಡಿಸಿ ಊರಿಗೆ ತಂದು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಲಾಯಿತು. ಗಡಿಯಿಲ್ಲದ ಯುರೋಪನ್ನು ಕೊಂಡಾಡುವ ಉತ್ಸವ ಈ ದಡದಲ್ಲಿ ನಡೆದ ಆ ದಿನಗಳಲ್ಲಿ, ನದಿ ದಾಟಿ ಜರ್ಮನಿಗೆ ಹೋಗುವ ವಾಹನಗಳಿಗೆ ಆ ಕಡೆಯ ಪೊಲೀಸರ ತಪಾಸಣೆ ಜಾರಿಯಲ್ಲಿತ್ತು. ಒಪ್ಪಂದವನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸುವ ಕೆಲಸ ಇಷ್ಟು ಅಚ್ಚುಕಟ್ಟಾಗಿ ಬೇರೆಲ್ಲಿಯೂ ನಡೆದಂತಿಲ್ಲ. ಲಕ್ಸೆಂಬರ್ಗ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರು ನೆರೆದೇಶಗಳಿಂದ ಕೆಲಸಕ್ಕೆ ಬಂದು ಮನೆಗೆ ಮರಳುವವರು. ದಿನವಿಡೀ ದುಡಿದು ದಣಿದ ದಾದಿಯೂ ಬ್ಯಾಂಕ್ ಗುಮಾಸ್ತನೂ ಸಂಜೆ ತಮ್ಮದೇ ಊರಿಗೆ ಹೋಗಲು ಸಾಲಿನಲ್ಲಿ ನಿಂತು, ತಾವು ಅಕ್ರಮ ವಲಸಿಗರಲ್ಲವೆಂದು ಮುಖ ತೋರಿಸಿ ರುಜುವಾತುಪಡಿಸುತ್ತಾರೆ.

ತಪಾಸಣೆಯ ವಿಧಾನವೂ ಗಮನಾರ್ಹವಾಗಿದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಿಂದ ಮ್ಯೂನಿಕ್‌ಗೆ ಹೋಗುವ ಹೆದ್ದಾರಿಯಲ್ಲಿ ವಾಲ್ಸರ್‌ಬರ್ಗ್ ಎಂಬಲ್ಲಿ ವಿಶಾಲವಾದ ರಸ್ತೆಯನ್ನು ಕಿರಿದು ಮಾಡಿ, ವಾಹನಗಳು ಆಮೆಯ ನಡಿಗೆಯಲ್ಲಿ ಸಾಗುವಂತೆ ಏರ್ಪಾಡು ಮಾಡಿದ್ದಾರೆ. ರಜಾದಿನಗಳಲ್ಲಿ ಸಾಲು ಕಿಲೋಮೀಟರುಗಟ್ಟಲೆ ಬೆಳೆಯುತ್ತದೆ. ಹಿಂದಿನ ಸೀಟಿನ ಮಕ್ಕಳು ಮೊದಲು ಹಾಡುತ್ತಾರೆ, ಆಮೇಲೆ ಅಳುತ್ತಾರೆ, ಕೊನೆಗೆ ಬಚ್ಚಲಿಗೆ ಹೋಗಬೇಕೆನ್ನುತ್ತಾರೆ. ಅಂತೂ ಸರದಿ ಬಂದಾಗ ಸಮವಸ್ತ್ರದ ಅಧಿಕಾರಿ ಸ್ವಲ್ಪ ಬಗ್ಗಿ, ಗಾಜಿನೊಳಗೆ ಒಮ್ಮೆ ಇಣುಕಿ, ಕೈಬೀಸಿ ಮುಂದೆ ಹೋಗೆನ್ನುತ್ತಾನೆ. ಅರ್ಧ ತಾಸು ಕಾದವರಿಗೆ ದೊರೆಯುವ ದರ್ಶನ ಅರ್ಧ ನಿಮಿಷದ್ದೂ ಅಲ್ಲ. ಇಷ್ಟರಲ್ಲಿ ಚಾಲಕರ ಮೊಬೈಲುಗಳು ಹೆದ್ದಾರಿ ಬಿಟ್ಟು ಹಳ್ಳಿಯ ಮೇಲೆ ಹಾದುಹೋಗುವ ಒಳರಸ್ತೆಯನ್ನು ತೋರಿಸತೊಡಗಿರುತ್ತವೆ, ಏಕೆಂದರೆ ಗಡಿಯ ಎಲ್ಲ ರಸ್ತೆಗಳಲ್ಲೂ ಹಗಲಿರುಳು ಕಾವಲು ನಿಲ್ಲಿಸುವಷ್ಟು ಪೊಲೀಸರು ಯಾವ ದೇಶದಲ್ಲಿಯೂ ಇಲ್ಲ. ಜನರನ್ನು ಕದ್ದು ಸಾಗಿಸುವ ದಂಧೆಯವರ ಬಳಿ ಮೊಬೈಲ್ ಇರುವುದಿಲ್ಲವೆಂಬ ಭರವಸೆಯ ಮೇಲೆಯೇ ಇಡೀ ಯೋಜನೆ ನಿಂತಿರುವಂತೆ ಕಾಣುತ್ತದೆ.

ರೈಲಿನ ಸಂಗತಿ ನಮ್ಮವರಿಗೆ ಹೆಚ್ಚು ಪರಿಚಿತ. ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಕನ್ನಡಿಗರ ಮನೆಗೆ ಬೇಸಿಗೆಯಲ್ಲಿ ಊರಿನಿಂದ ತಂದೆ ತಾಯಿ ಬಂದರೆ ಒಂದು ದಿನ ಸಾಲ್ಜ್‌ಬರ್ಗ್ ತೋರಿಸುವುದು ಹೆಚ್ಚುಕಡಿಮೆ ಸಂಪ್ರದಾಯವೇ ಆಗಿದೆ. ಬವೇರಿಯಾ ರಾಜ್ಯದ ದಿನದ ಟಿಕೆಟ್ಟೇ ಗಡಿಯಾಚೆಯ ಆ ಊರಿನವರೆಗೂ ನಡೆಯುತ್ತದೆಂಬುದು ಇದಕ್ಕೆ ಮುಖ್ಯ ಕಾರಣ. ಮರಳುವಾಗ ಜರ್ಮನಿಯ ಮೊದಲ ನಿಲ್ದಾಣವಾದ ಫ್ರೈಲಾಸಿಂಗ್‌ನಲ್ಲಿ ಪೊಲೀಸರು ಬೋಗಿ ಹತ್ತಿದರೆ, ವಾಸದ ಪರವಾನಗಿಯ ಕಾರ್ಡನ್ನು ಇನ್ನೊಂದು ಕೋಟಿನ ಜೇಬಿನಲ್ಲಿ ಬಿಟ್ಟು ಬಂದ ಮಗ ಬೆವರುತ್ತಾನೆ. ತಾಯಿ ಮಾತ್ರ ನಿರಾಳವಾಗಿ ಕೈಚೀಲದಿಂದ ಜಿಪ್ ಹಾಕಿದ ಪ್ಲಾಸ್ಟಿಕ್ ಕವರನ್ನು ತೆಗೆದು, ಮಂತ್ರಾಕ್ಷತೆಯ ಪೊಟ್ಟಣವನ್ನು ಬದಿಗೆ ಸರಿಸಿ, ಪಾಸ್‌ಪೋರ್ಟ್, ವಿಮೆಯ ಪತ್ರ, ಮರುಪ್ರಯಾಣದ ಟಿಕೆಟ್ ಎಲ್ಲವನ್ನೂ ಒಂದರ ಮೇಲೊಂದು ಇಡುತ್ತಾರೆ. ಬೆಂಗಳೂರಿನಲ್ಲಿ ಶೆಂಗೆನ್ ವೀಸಾಕ್ಕಾಗಿ ಬ್ಯಾಂಕಿನ ಲೆಕ್ಕಪತ್ರ, ಮಗನ ಆಹ್ವಾನ ಪತ್ರ, ಬೆರಳಚ್ಚು, 30,000 ಯೂರೋ ಮೊತ್ತದ ವಿಮೆ ಎಲ್ಲವನ್ನೂ ಒಪ್ಪಿಸಿ ಬಂದವರಿಗೆ ಯಾವ ತಪಾಸಣೆಯೂ ಹೊಸದಲ್ಲ. ಈ ಒಂದು ವೀಸಾದಲ್ಲಿ 29 ದೇಶ ಸುತ್ತಬಹುದು ಎಂದು ಅಲ್ಲಿ ಹೇಳಿದ್ದನ್ನು ಅವರು ಆಗಲೇ ಪೂರ್ತಿ ನಂಬಿರಲಿಲ್ಲವೆನ್ನಿ. ತುಂಬಿದ ಬೋಗಿಯಲ್ಲಿ ಅಧಿಕಾರಿಗಳು ಬೇರೆ ಯಾರ ಬಳಿಯೂ ನಿಲ್ಲದೆ ಇವರ ಬಳಿಯೇ ನಿಂತರೆ ಅದನ್ನು ಕಾಕತಾಳೀಯವೆಂದೇ ತಿಳಿಯಬೇಕು; ಮೈಬಣ್ಣ ನೋಡಿ ಭೇದ ಮಾಡುವುದನ್ನು ಅಲ್ಲಿಯ ಸಂವಿಧಾನವು ನಿಷೇಧಿಸಿದೆಯಷ್ಟೆ.

ಆಸ್ಟ್ರಿಯಾ ಮಾತ್ರ ಕೇವಲ ಅನುಭವಿಸುವ ಕಡೆಯದ್ದೆಂದು ಯಾರೂ ಮರುಗಬೇಕಾಗಿಲ್ಲ. ಅದು ತನ್ನ ಪಾಲಿನ ತಾತ್ಕಾಲಿಕ ತಪಾಸಣೆಯನ್ನು ಸ್ಲೊವೇನಿಯಾದ ಗಡಿಯಲ್ಲಿ 2015ರಿಂದಲೇ ನಡೆಸುತ್ತಿದೆ. 2019ರಲ್ಲಿ ಸ್ಪೀಲ್‌ಫೆಲ್ಡ್ ಎಂಬಲ್ಲಿ ಪ್ರಯಾಣಿಕರೊಬ್ಬರು ಪಾಸ್‌ಪೋರ್ಟ್ ತೋರಿಸಲು ಒಪ್ಪದೆ 36 ಯೂರೋ ದಂಡಕ್ಕೆ ಗುರಿಯಾದರು. ದಂಡ ಕಟ್ಟಿ ಸುಮ್ಮನಾಗುವ ಜಾತಿಯವರಲ್ಲದ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು, ವಿಷಯ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು, ಮತ್ತು 2022ರ ಏಪ್ರಿಲ್‌ನಲ್ಲಿ ಆ ನ್ಯಾಯಾಲಯವು, ಹೊಸದಾದ ಬೇರೆ ಅಪಾಯವೊಂದು ಎದುರಾಗದ ಹೊರತು ಇಂಥ ತಪಾಸಣೆಯನ್ನು ಆರು ತಿಂಗಳಿಗಿಂತ ಹೆಚ್ಚು ಎಳೆಯುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ತೀರ್ಪನ್ನು ಎಲ್ಲರೂ ಗೌರವದಿಂದ ಸ್ವೀಕರಿಸಿದರು, ತಪಾಸಣೆ ಮುಂದುವರಿಯಿತು. ಹಳೆಯ ಅಪಾಯಕ್ಕೆ ಪ್ರತಿ ಆರು ತಿಂಗಳಿಗೊಮ್ಮೆ ಹೊಸ ಅಂಗಿ ತೊಡಿಸುವ ಕಷ್ಟವನ್ನು ಕಂಡು ಮನಕರಗಿದ ಒಕ್ಕೂಟವು 2024ರಲ್ಲಿ ಕಾಯಿದೆಯನ್ನೇ ತಿದ್ದಿ, ಎರಡು ವರ್ಷದವರೆಗೂ ಅದಕ್ಕೂ ಆಚೆಗೂ ತಾತ್ಕಾಲಿಕವಾಗಿರಲು ಅನುವು ಮಾಡಿಕೊಟ್ಟಿತು.

ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳ ನಡುವೆ 2016ರ ಜನವರಿ 4ರಂದು ನಡೆದದ್ದನ್ನೂ ಹೇಳಿಬಿಡಬೇಕು. ಡೆನ್ಮಾರ್ಕಿನ ಕೋಪನ್‌ಹೇಗನ್ ಮತ್ತು ಸ್ವೀಡನ್ನಿನ ಮಾಲ್ಮೊ ನಗರಗಳನ್ನು ಒಂದು ಮಾಡುವುದಕ್ಕೆಂದೇ ಸಮುದ್ರದ ಮೇಲೆ ಸೇತುವೆ ಕಟ್ಟಿ, ಅದರ ಮೇಲೆ ರೈಲು ಓಡಿಸಿ, ಆಮೇಲೆ ಕೋಪನ್‌ಹೇಗನ್ ವಿಮಾನ ನಿಲ್ದಾಣದ ರೈಲುಕಟ್ಟೆಯಲ್ಲಿ ಹಳಿಗಳ ನಡುವೆ ಬೇಲಿ ಹಾಕಿ, ಪ್ರಯಾಣಿಕರನ್ನೆಲ್ಲ ಇಳಿಸಿ ಗುರುತಿನ ಚೀಟಿ ನೋಡಿ ಬೇರೆ ರೈಲಿಗೆ ಹತ್ತಿಸಿದರು. ಸೇತುವೆ ದಾಟಿದ ಮೇಲೆ ಸ್ವೀಡನ್ನಿನ ಪೊಲೀಸರು ಅದೇ ಚೀಟಿಯನ್ನು ಇನ್ನೊಮ್ಮೆ ನೋಡಿದರು, ನಡುವೆ ನೀರಿನ ಮೇಲೆ ಯಾರಾದರೂ ಹತ್ತಿದ್ದರೆ ಎಂಬ ಮುನ್ನೆಚ್ಚರಿಕೆಯಿಂದ. ಸ್ವೀಡನ್ ಹೀಗೆ ಬಾಗಿಲು ಬಿಗಿ ಮಾಡಿದ ಅದೇ ದಿನ ಡೆನ್ಮಾರ್ಕ್ ತನ್ನ ಜರ್ಮನಿಯ ಗಡಿಯಲ್ಲಿ ತಪಾಸಣೆ ಆರಂಭಿಸಿತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ.

ಈ ವಿದ್ಯೆಯಲ್ಲಿ ಪರಿಪೂರ್ಣತೆ ಸಾಧಿಸಿದ್ದು ಓಡರ್ ನದಿಯ ಮೇಲಿನ ಸೇತುವೆ. ಈ ಕಡೆ ಜರ್ಮನಿಯ ಫ್ರಾಂಕ್‌ಫರ್ಟ್, ಎಲ್ಲರೂ ಕೇಳಿರುವ ದೊಡ್ಡ ಫ್ರಾಂಕ್‌ಫರ್ಟ್ ಅಲ್ಲ, ನದಿಯ ದಡದ ಸಣ್ಣದು. ಆ ಕಡೆ ಪೋಲೆಂಡಿನ ಸ್ಲುಬಿತ್ಸೆ. ಹೋಗಿ ಬಂದು ಮಾಡುವವರ ಪಾಲಿಗೆ ಎರಡೂ ಒಂದೇ ಊರು. ಜರ್ಮನಿಯ ಪೊಲೀಸರು ಪೋಲೆಂಡಿನಿಂದ ಬರುವವರನ್ನು ನೋಡಿ ಕೆಲವರನ್ನು ಹಿಂದಕ್ಕೆ ಕಳುಹಿಸತೊಡಗಿದ ಮೇಲೆ, ಪೋಲೆಂಡ್ ಕೂಡ 2025ರ ಜುಲೈ 7ರಿಂದ ಜರ್ಮನಿಯಿಂದ ಬರುವವರನ್ನು ನೋಡತೊಡಗಿತು. ಎರಡು ಸರ್ಕಾರಗಳೂ ಒಳಗೆ ಬರುವವರನ್ನು ಮಾತ್ರ ತಡೆಯುತ್ತವೆಯಾದ್ದರಿಂದ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಜರ್ಮನ್ ಅಧಿಕಾರಿಗೆ ಮುಖ ತೋರಿಸಿದವನು ಸಂಜೆ ಬ್ರೆಡ್ಡು ಹಿಡಿದು ಮರಳುವಾಗ ಪೋಲಿಷ್ ಅಧಿಕಾರಿಗೆ ಅದೇ ಮುಖವನ್ನು, ಸ್ವಲ್ಪ ಬಾಡಿದ ಸ್ಥಿತಿಯಲ್ಲಿ, ತೋರಿಸಬೇಕಾಗುತ್ತದೆ. ಇಬ್ಬರ ವಾದವೂ ಒಂದೇ: ನೆರೆಯವನು ತನ್ನ ಬಾಗಿಲನ್ನು ಸರಿಯಾಗಿ ಕಾಯುತ್ತಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಎರಡು ರಾಜಧಾನಿಗಳಿಂದಲೂ ಬ್ರಸೆಲ್ಸ್‌ನಲ್ಲಿರುವ ಒಕ್ಕೂಟದ ಕಚೇರಿಗೆ ಮುಂದುವರಿಕೆಯ ಪತ್ರ ಹೋಗುತ್ತದೆ, ಮತ್ತು ಆ ಪತ್ರವನ್ನು ಯಾವ ಗಡಿಯಲ್ಲಿಯೂ ಯಾರೂ ತಡೆದು ನಿಲ್ಲಿಸದ ಕಾರಣ ಅದು ಸಕಾಲಕ್ಕೆ ತಲುಪುತ್ತದೆ.