ಶ್ರೀಲಂಕಾದ ಟೀ ತೋಟ ತೋರಿಸಿ ಬಾಯಿ ಮುಚ್ಚಿಸಬೇಡಿ

ಯೂರಿಯಾ ಸಿಗದ ಹೊತ್ತಿನಲ್ಲಿ ನಮ್ಮ ದಾವಣಗೆರೆ ಕಡೆ ಗೊಬ್ಬರದ ಅಂಗಡಿ ಮುಂದೆ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಯೂರಿಯಾ ಸ್ವಲ್ಪ ಇಳಿಸೋಣ, ಕೊಟ್ಟಿಗೆ ಗೊಬ್ಬರ ಜಾಸ್ತಿ ಮಾಡೋಣ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, "ಶ್ರೀಲಂಕಾದಾಗ ಸಾವಯವ ಮಾಡಾಕ್ ಹೋಗಿ ಏನಾತು ಗೊತ್ತೈತಲ್ಲಪ್ಪಾ?" ಅಂತಾರೆ. ಅಲ್ಲಿಗೆ ಮಾತು ಮುಗೀತು. ನನಗೆ ಇದು ಕೇಳಿ ಕೇಳಿ ಸಾಕಾಗಿದೆ. ಲಂಕಾದ ಕತೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳುತ್ತಾರೆ.

ನಡೆದದ್ದು ಇಷ್ಟು. 2019ರ ಚುನಾವಣೆಯಲ್ಲಿ, ಅದನ್ನು ಗೆದ್ದು ಲಂಕಾದ ಅಧ್ಯಕ್ಷರಾದ ಗೊಟಬಯ ರಾಜಪಕ್ಸ ಹತ್ತು ವರ್ಷದಲ್ಲಿ ದೇಶದ ಬೇಸಾಯವನ್ನು ಸಾವಯವಕ್ಕೆ ತಿರುಗಿಸುತ್ತೇವೆ ಅಂದಿದ್ದರು. 2021ರ ಮೇ ತಿಂಗಳಲ್ಲಿ ನೋಡಿದರೆ ಹೊರದೇಶದಿಂದ ರಾಸಾಯನಿಕ ಗೊಬ್ಬರ ತರಿಸುವುದನ್ನೇ ನಿಲ್ಲಿಸಿಬಿಟ್ಟರು. ಡಾಲರ್ ಖಾಲಿಯಾಗುತ್ತಿತ್ತು, ಅದೂ ಒಂದು ಕಾರಣ. ಭೂಮ್ತಾಯಿ ಮೇಲಿನ ಪ್ರೀತಿ ಒಂದೇ ಅಲ್ಲ! ನವೆಂಬರ್ ಹೊತ್ತಿಗೆ ಆದೇಶ ವಾಪಸ್ಸಾಯಿತು, ಆದರೆ ಪೆಟ್ಟು ಆಗಲೇ ಬಿದ್ದಿತ್ತು. 2021ರಲ್ಲಿ ಸುಮಾರು 30 ಕೋಟಿ ಕೆಜಿ ಇದ್ದ ಟೀ ಉತ್ಪಾದನೆ 2022ರಲ್ಲಿ ಸುಮಾರು 25 ಕೋಟಿ ಕೆಜಿಗೆ ಇಳಿಯಿತು. ಡೀಸೆಲ್ ಇಲ್ಲದ್ದು, ಕರೆಂಟ್ ಇಲ್ಲದ್ದು ಎಲ್ಲಾ ಸೇರಿಕೊಂಡಿತ್ತು ಅನ್ನಿ. ದಿನಾ ಕುಡಿಯುವವನ ಬಾಟಲಿಯನ್ನು ಒಂದೇ ದಿನ ಕಿತ್ತುಕೊಂಡರೆ ಕೈ ನಡುಗುತ್ತದೆ ಅಲ್ವಾ, ಹಂಗಾಯ್ತು. ಕೈ ನಡುಗಿತು ಅಂತ ಕುಡಿತವೇ ಒಳ್ಳೇದು ಅನ್ನೋಕಾಗುತ್ತಾ?

ಟೀ ಗಿಡಕ್ಕೇ ಯಾಕೆ ಅಷ್ಟು ಬೇಗ ತಟ್ಟಿತು ಅಂದರೆ ಅದು ಎಲೆಯ ಬೆಳೆ. ಕಾಳು, ಕಾಯಿ ಏನೂ ಇಲ್ಲ, ಎಳೆ ಚಿಗುರನ್ನೇ ವಾರ ಹತ್ತು ದಿನಕ್ಕೊಮ್ಮೆ ಕಿತ್ತು ಕಾರ್ಖಾನೆಗೆ ಕಳಿಸುತ್ತಾರೆ. ಎಳೆ ಎಲೆಯಲ್ಲೇ ಸಾರಜನಕ (ಯೂರಿಯಾ ಕೊಡೋದು ಇದನ್ನೇ) ಜಾಸ್ತಿ, ಒಣಗಿದ ಟೀಪುಡಿಯಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ಅದೇ ಇರುತ್ತದೆ. ಹೆಕ್ಟೇರಿಗೆ 2,000 ಕೆಜಿ ಟೀಪುಡಿ ಬಂದರೆ 80 ಕೆಜಿ ಸಾರಜನಕ ಆ ನೆಲ ಬಿಟ್ಟು ಹೋಯಿತು ಅಂತ ಲೆಕ್ಕ. ಅದನ್ನು ಬರೀ ಕೊಟ್ಟಿಗೆ ಗೊಬ್ಬರದಲ್ಲೇ ತುಂಬಿ ಕೊಡಬೇಕಾದರೆ ಹೆಕ್ಟೇರಿಗೆ 16 ಟನ್ ಬೇಕು, ಯಾಕಂದರೆ ಅದರಲ್ಲಿ ಸಾರಜನಕ ಇರುವುದು ನೂರು ಕೆಜಿಗೆ ಅರ್ಧ ಕೆಜಿ ಮಾತ್ರ. ಗುಡ್ಡದ ಮೇಲೆ, ದನವೇ ಇಲ್ಲದ ಎಸ್ಟೇಟಿನಲ್ಲಿ ಅಷ್ಟು ಗೊಬ್ಬರ ಎಲ್ಲಿಂದ ತರೋದು? ಆದೇಶ ಬರೆದವರು ಈ ಗುಣಾಕಾರ ಮಾಡಿರಲಿಲ್ಲ ಅಂತ ಕಾಣುತ್ತೆ.

ಇನ್ನು ಇದರ ಇನ್ನೊಂದು ಅರ್ಧ. ಚೀಲದ ಗೊಬ್ಬರ ಹಾಕಿಕೊಂಡೇ ಬಂದ ತೋಟಗಳೇನು ಸುಖವಾಗಿಲ್ಲ. ಟೀಗೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.5ರಿಂದ 5.5 ಇದ್ದರೆ ಚೆನ್ನ. ಯೂರಿಯಾ, ಅಮೋನಿಯಂ ಸಲ್ಫೇಟ್ ಹಾಕಿದಾಗ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ, ಆ ಕೆಲಸದಲ್ಲೇ ಹುಳಿ ಹುಟ್ಟುತ್ತದೆ. ವರ್ಷಾನುಗಟ್ಟಲೆ ಹೀಗೇ ನಡೆದರೆ ಪಿಎಚ್ 4ಕ್ಕಿಂತ ಕೆಳಗೆ ಹೋಗುತ್ತದೆ. ಆಮೇಲೆ ಪೊಟ್ಯಾಷ್, ಮೆಗ್ನೀಸಿಯಂ ಮಳೆ ನೀರಲ್ಲಿ ತೊಳೆದುಹೋಗುತ್ತವೆ, ಬೇರು ಎಳೆದುಕೊಳ್ಳೋದು ಕಡಿಮೆಯಾಗುತ್ತದೆ, ಹಾಕಿದ ಗೊಬ್ಬರವೂ ಪೂರ್ತಿ ಗಿಡಕ್ಕೆ ಸೇರುವುದಿಲ್ಲ. ಇಳುವರಿ ಬರಲಿಲ್ಲ ಅಂತ ಇನ್ನೊಂದು ಚೀಲ. ಅದಕ್ಕೇ ತಮಿಳುನಾಡಿನ ನೀಲಗಿರಿ, ವಾಲ್ಪಾರೈ ಕಡೆ ಗಿಡ ಸವರುವ ವರ್ಷ ಮಣ್ಣಿನ ಹುಳಿ ಇಳಿಸೋಕೆ ಡಾಲಮೈಟ್ ಸುಣ್ಣ ಹಾಕುವ ಪದ್ಧತಿ ಇದೆ.

ಸವರುವುದು ಅಂದೆನಲ್ಲ, ನನ್ನ ಪ್ರಕಾರ ಟೀ ತೋಟದಿಂದ ನಾವು ಕಲಿಯಬೇಕಾದ್ದು ಅಲ್ಲೇ ಇರೋದು. ನಾಲ್ಕೈದು ವರ್ಷಕ್ಕೊಮ್ಮೆ ಗಿಡವನ್ನು ಮೊಣಕಾಲ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ಕಡಿಯುತ್ತಾರೆ. ರಾಶಿ ರಾಶಿ ಕಡ್ಡಿ, ಎಲೆ ಬೀಳುತ್ತದೆ. ಅದನ್ನು ಸಾಲಿನ ಮಧ್ಯೆ ಹಾಗೇ ಬಿಟ್ಟರೆ ಪೊಟ್ಯಾಷ್ ಮಣ್ಣಿಗೇ ವಾಪಸ್, ಮಳೆ ಹನಿ ನೇರ ನೆಲಕ್ಕೆ ಹೊಡೆಯಲ್ಲ, ಕಳೆಯೂ ಕಡಿಮೆ. ಸೌದೆಗೆ ಅಂತ ಹೊತ್ತುಕೊಂಡು ಹೋದರೆ ಅಷ್ಟೂ ನಷ್ಟ. ಸೊಪ್ಪು ತುಂಬಿದ ಟೀ ತೋಟದಲ್ಲಿ ಮಣ್ಣು ಅಷ್ಟಾಗಿ ಕೊಚ್ಚಿಹೋಗಲ್ಲ, ಗಿಡವೇ ಚಾಪೆ ಹಾಸಿದಂತೆ ಇರುತ್ತದೆ. ಮಣ್ಣು ಹೋಗೋದು ಹೊಸದಾಗಿ ನೆಟ್ಟಾಗ, ಸವರಿದಾಗ, ಗಿಡ ಸತ್ತು ಖಾಲಿ ಬಿದ್ದ ಜಾಗದಲ್ಲಿ. ಅಂಥ ಜಾಗಕ್ಕೇ ಕಳೆನಾಶಕ ಹೊಡೆದು ನೆಲ ಬೋಳು ಮಾಡಿದರೆ ಇನ್ನೇನು ಉಳಿಯುತ್ತದೆ ಹೇಳಿ.

ನೆರಳಿನ ಮರದ್ದೂ ಒಂದು ಮಾತು ಹೇಳಿಬಿಡುತ್ತೇನೆ. ದಕ್ಷಿಣದ ಟೀ ತೋಟದಲ್ಲಿ ಎಲ್ಲಿ ನೋಡಿದರೂ ಸಿಲ್ವರ್ ಓಕ್. ಆಸ್ಟ್ರೇಲಿಯಾದ ಮರ, ನೆಟ್ಟಗೆ ಬೆಳೆಯುತ್ತೆ, ಮರ ಮಾರಿದರೆ ದುಡ್ಡು. ಆದರೆ ಹಾಲುವಾಣ, ಗ್ಲಿರಿಸಿಡಿಯಾ ಥರ ಬೇರಿನಲ್ಲಿ ಸಾರಜನಕ ಹಿಡಿದು ಕೊಡುವ ಜಾತಿ ಅಲ್ಲ ಅದು. ಒಂದೇ ಮರ, ಒಂದೇ ಗಿಡ, ಗುಡ್ಡದ ಉದ್ದಕ್ಕೂ. ಫೋಟೋಗೆ ಚೆಂದ.

ಹಳೇ ಟೀ ಗಿಡ ಕಿತ್ತು ಹೊಸದು ನೆಡುವ ಮುಂಚೆ ಅಸ್ಸಾಂ, ಶ್ರೀಲಂಕಾ ಕಡೆ ಗ್ವಾಟೆಮಾಲಾ ಹುಲ್ಲು ಹಾಕುತ್ತಾರೆ. ಒಂದೂವರೆ ಎರಡು ವರ್ಷ ಬೆಳೆಸಿ, ಕೊಯ್ದು ಕೊಯ್ದು ಅಲ್ಲೇ ಹರವಿ, ಮಣ್ಣು ಸುಧಾರಿಸಿದ ಮೇಲೆ ಟೀ. ಕಂಪನಿ ಎಸ್ಟೇಟಿಗೆ ಇದು ಸರಿ. ಆದರೆ ನಮ್ಮ ದೇಶದ ಟೀಯಲ್ಲಿ ಈಗ ಅರ್ಧದಷ್ಟು ಸಣ್ಣ ಬೆಳೆಗಾರರದ್ದೇ. ಎರಡು ಎಕರೆ ಇರುವವನು ಎರಡು ವರ್ಷ ಹುಲ್ಲು ನೋಡಿಕೊಂಡು ಕೂತರೆ ಮನೆ ನಡೆಯೋದು ಹೇಗೆ? ಸಾವಯವ ಅಂತ ಭಾಷಣ ಮಾಡುವವರು ಈ ಜಾಗಕ್ಕೆ ಬಂದಾಗ ಸುಮ್ನಾಗುತ್ತಾರೆ.

ಸಿಕ್ಕಿಂ ನೋಡಿ. 2003ರಲ್ಲಿ ಸಾವಯವಕ್ಕೆ ಹೋಗೋಣ ಅಂತ ತೀರ್ಮಾನ ಮಾಡಿದರು, ಪೂರ್ತಿ ಆಯಿತು ಅಂತ ಘೋಷಣೆ ಆಗಿದ್ದು 2016ರಲ್ಲಿ. ಅಲ್ಲಿನ ಟೆಮಿ ಟೀ ತೋಟ ಸರ್ಕಾರದ್ದೇ, ಸಾವಯವ ಟೀ ಮಾರುತ್ತಿದೆ. ಅಲ್ಲೂ ತಕರಾರು ಇಲ್ಲ ಅಂತಲ್ಲ. ಅಕ್ಕಿ, ತರಕಾರಿ ಹೊರಗಿಂದ ಬರುತ್ತೆ, ಇಳುವರಿ ಸಾಲಲ್ಲ ಅನ್ನುವವರಿದ್ದಾರೆ. ಆದರೂ ಈ ಹದಿಮೂರು ವರ್ಷಕ್ಕೂ ಲಂಕಾದ ಆರು ತಿಂಗಳಿಗೂ ವ್ಯತ್ಯಾಸ ಇಲ್ವಾ?

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಟೀ ಬೆಳೆಯಲ್ಲ, ಮಂಡಕ್ಕಿ ಮಿರ್ಚಿ ಜೊತೆ ಕುಡಿಯೋದಷ್ಟೇ. ಆದರೆ ಮೆಕ್ಕೆಜೋಳ ಇದೆಯಲ್ಲ. ಮೊದಲು ಜೋಳ, ಹತ್ತಿ, ಶೇಂಗಾ, ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ ಇತ್ತು. ಈಗ ವರ್ಷ ವರ್ಷ ಅದೇ ಮೆಕ್ಕೆಜೋಳ, ಅದೇ ಯೂರಿಯಾ. ಚನ್ನಗಿರಿ ಕಡೆ ಎಲ್ಲರೂ ಅಡಿಕೆ ಇಟ್ಟು ಟಿಪ್ಪರ್‌ಗಟ್ಟಲೆ ಕೆರೆ ಗೋಡು ಹೊಡೆಸುತ್ತಿದ್ದಾರೆ. ನಮ್ಮ ಮಣ್ಣು ಟೀ ಮಣ್ಣಿನ ಥರ ಹುಳಿ ಅಲ್ಲ, ಆ ಸುಣ್ಣದ ಕತೆ ಇಲ್ಲಿಗೆ ಹೊಂದಲ್ಲ. ಇಲ್ಲಿ ನೋಡಬೇಕಾದ್ದು ಮಣ್ಣು ಪರೀಕ್ಷೆ ಕಾರ್ಡಿನಲ್ಲಿರುವ ಸಾವಯವ ಇಂಗಾಲದ ಸಾಲು, ಅಂದರೆ ಮಣ್ಣಿನಲ್ಲಿ ಕೊಳೆತ ಸೊಪ್ಪುಸದೆಯ ಅಂಶ ಎಷ್ಟಿದೆ ಅನ್ನೋದು. ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಅರ್ಥ. ನನ್ನ ಹೊಲದ್ದು ಕಡಿಮೆಯೇ ಬಂದಿದೆ. ಕಾರ್ಡ್ ತೆಗೆದುಕೊಂಡು ಬೀರುವಿನಲ್ಲಿ ಇಟ್ಟವರು, ಹೊರಗೆ ತೆಗೆದು ಆ ಒಂದು ಸಾಲು ಓದಿ.

ಯೂರಿಯಾ ಚೀಲವನ್ನು ಇವತ್ತೇ ಎಸೆಯಿರಿ ಅಂತ ನಾನು ಹೇಳುತ್ತಿಲ್ಲ, ಹಾಗೆ ಮಾಡಿದರೆ ನಮ್ಮದೂ ಲಂಕಾನೇ. ಮೆಕ್ಕೆಜೋಳದ ದಂಟಿಗೆ ಬೆಂಕಿ ಇಡೋದು ಮೊದಲು ನಿಲ್ಲಲಿ. ಅಡಿಕೆ ಸೋಗೆಯನ್ನು ಬದುವಿಗೆ ಎಸೆಯದೆ ಬುಡಕ್ಕೆ ಹಾಕೋಣ. ಹೊಲದ ಒಂದು ಮೂಲೆಗೆ ಮುಂಗಾರಿನಲ್ಲಿ ಡಯಂಚ ಅನ್ನೋ ಹಸಿರೆಲೆ ಗೊಬ್ಬರದ ಬೀಜ ಚೆಲ್ಲಿ, ಬೆಳೆದದ್ದನ್ನು ಮಣ್ಣಿಗೇ ಮಗುಚಿ, ಮುಂದಿನ ವರ್ಷ ಇನ್ನೊಂದು ಮೂಲೆಗೆ ಹೋಗೋಣ. ಯೂರಿಯಾ ಇಳಿಸೋದು ಆ ಮೂಲೆಯಲ್ಲಿ ಮಾತ್ರ, ಅದೂ ಸ್ವಲ್ಪ. ಸರ್ಕಾರ ಯೂರಿಯಾ ಚೀಲದ ಮೇಲೆ ಸುರಿಯುವ ಸಬ್ಸಿಡಿಯಲ್ಲಿ ಒಂದು ಪಾಲನ್ನು ಹೀಗೆ ಒಂದು ಹಂಗಾಮಿನ ಬೆಳೆ ಬಿಟ್ಟವನಿಗೆ ಎಕರೆ ಲೆಕ್ಕದಲ್ಲಿ ಕೊಡಲಿ. ದಾವಣಗೆರೆಯ ಮೆಕ್ಕೆಜೋಳದವನಿಗೂ ಸರಿ, ನೀಲಗಿರಿಯ ಎರಡು ಎಕರೆ ಟೀಯವನಿಗೂ ಸರಿ. ಇದು ಯಾವ ಪಕ್ಷದ ಪ್ರಣಾಳಿಕೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿದ್ದವರು ತೋರಿಸಿ, ವೋಟು ಹಾಕುವಾಗ ನೆನಪಿಟ್ಟುಕೊಳ್ಳುತ್ತೇನೆ.