ಟಾರ್ಗೆಟ್ ಮುಟ್ಟಿ ಪೇಡ ಹಂಚಿದ ಕಥೆ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿಪುಡಿ ಅಂಗಡಿ. ಬೀಜ ತಂದು, ಹುರಿದು, ಪುಡಿ ಮಾಡಿ ಮಾರುತ್ತೇವೆ. 2024ರ ಯುಗಾದಿಗೆ ಗಲ್ಲಾಪೆಟ್ಟಿಗೆ ಪಕ್ಕದ ಕ್ಯಾಲೆಂಡರ್ ಮೇಲೆ ದಪ್ಪ ಮಾರ್ಕರ್‌ನಲ್ಲಿ ಬರೆದಿದ್ದೆ: ‘ಈ ವರ್ಷ 40 ಲಕ್ಷ’. ಅದರ ಹಿಂದಿನ ವರ್ಷ ಆಗಿದ್ದ ವ್ಯಾಪಾರ 32 ಲಕ್ಷ. ಮಾರ್ಚ್ ಕೊನೆಗೆ ನೋಡಿದರೆ 45 ಲಕ್ಷ! ಬೀದಿಗೆಲ್ಲ ಪೇಡ ಹಂಚಿದೆ.

ಮರುವಾರ ಬೀಜ ತರೋಕೆ ಕೈಯಲ್ಲಿ ಕಾಸಿಲ್ಲ. ಹೆಂಡತಿಯ ಬಳೆ ಬ್ಯಾಂಕಿಗೆ ಹೋಯಿತು.

ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು ಬೀಜದ ಬೆಲೆ ಏರಿದ್ದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ತೋಟದವರಿಗೆ ಹಬ್ಬ, ನಮ್ಮಂಥವರಿಗೆ ತಲೆನೋವು. ನಾನು ತರುವ ರೋಬಸ್ಟಾ ಜಾತಿಯ ಬೀಜ ಕೆಜಿಗೆ ಹೆಚ್ಚುಕಡಿಮೆ 200 ಇದ್ದದ್ದು 400 ಆಯಿತು. ನಾನೂ ಪುಡಿಗೆ 200 ಏರಿಸಿದೆ. 400 ಇದ್ದದ್ದು 600. ಸರಿಯೇ ಅಲ್ವಾ?

ಸರಿಯಲ್ಲ. ಹುರಿದಾಗ ಬೀಜದ ತೂಕ ಇಳಿಯುತ್ತದೆ. ನಮ್ಮ ರೋಸ್ಟರ್‌ನಲ್ಲಿ ಒಂದು ಕೆಜಿ ಹಾಕಿದರೆ 820 ಗ್ರಾಂ ಸಿಗುತ್ತದೆ. ಅಂದರೆ ಒಂದು ಕೆಜಿ ಪುಡಿಗೆ 1.22 ಕೆಜಿ ಬೀಜ ಬೇಕು. ಬೀಜದ ಖರ್ಚು 244ರಿಂದ 488ಕ್ಕೆ ಹೋಗಿತ್ತು. ಏರಿಸಬೇಕಿದ್ದದ್ದು 244, ಏರಿಸಿದ್ದು 200. ಇಪ್ಪತ್ತು ವರ್ಷ ಹುರಿದವನಿಗೆ ಇದು ಹೊಳೆಯಲಿಲ್ಲ ನೋಡಿ!

ಕೆಜಿಗೆ 156 ಉಳಿಯುತ್ತಿದ್ದ ಕಡೆ ಈಗ 112. ಮಾರಿದ ಪುಡಿಯೂ 8,000 ಕೆಜಿಯಿಂದ 7,500ಕ್ಕೆ ಇಳಿದಿತ್ತು. ಒಟ್ಟು ಉಳಿಕೆ ಹನ್ನೆರಡೂವರೆ ಲಕ್ಷದಿಂದ 8.4 ಲಕ್ಷಕ್ಕೆ ಬಂತು. ಬೆಲೆ ಏರಿದ್ದನ್ನೇ ನಾನು ವ್ಯಾಪಾರ ಬೆಳೆಯಿತು ಅಂದುಕೊಂಡು ಪೇಡ ಹಂಚಿದ್ದೆ.

ಅದಕ್ಕೇ ಹೇಳುತ್ತೇನೆ, ನಮ್ಮಂಥ ಧಂದೆಯಲ್ಲಿ ಟರ್ನೋವರ್, ಅಂದರೆ ಒಟ್ಟು ವ್ಯಾಪಾರದ ಟಾರ್ಗೆಟ್ ಇಡಲೇಬೇಡಿ. ಅದು ಊರವರ ಮುಂದೆ ಹೇಳಿಕೊಳ್ಳೋಕೆ ಚೆಂದ, ಅಷ್ಟೇ. ಮಾರಿದ ಕೆಜಿ ಎಷ್ಟು, ಕೆಜಿಗೆ ಉಳಿದದ್ದೆಷ್ಟು ಅಂತ ವಾರಕ್ಕೊಮ್ಮೆ ನೋಡಿ. ವರ್ಷದ ಕೊನೆಗೆ ಆಡಿಟರ್ ಹೇಳುವ ಹೊತ್ತಿಗೆ ಸರಿಮಾಡೋಕೆ ಏನೂ ಉಳಿದಿರುವುದಿಲ್ಲ.

ಉದರಿಯದ್ದು ಇನ್ನೊಂದು ಕಥೆ. ಬರಬೇಕಾದ ಬಾಕಿಯನ್ನು ದಿನದ ಸರಾಸರಿ ವ್ಯಾಪಾರದಿಂದ ಭಾಗಿಸಿದೆ. ಮಾರಿದ ದುಡ್ಡು ಕೈಗೆ ಬರೋಕೆ ಸರಾಸರಿ 36 ದಿನ! ಬೀಜ ಕೊಡುವವರಿಗೆ ಮಾತ್ರ ಅಂದಂದಿನ ದುಡ್ಡು ಅಂದೇ. ನಡುವಿನ ಆ 36 ದಿನ ಹೋಟೆಲ್‌ನವರಿಗೆ ಬಡ್ಡಿ ಇಲ್ಲದೆ ಸಾಲ ಕೊಟ್ಟು ಕೂತಿದ್ದೆ. ಬಳೆ ಹೋದದ್ದು ಅಲ್ಲೇ.

ಈಗ ಕ್ಯಾಲೆಂಡರ್‌ನಲ್ಲಿ ಲಕ್ಷದ ಲೆಕ್ಕ ಬರೆಯುವುದಿಲ್ಲ. ಪ್ರತಿ ತಿಂಗಳು ಯಾವುದಾದರೂ ಒಂದು ತಾರೀಖಿನ ಸುತ್ತ ಮಾರ್ಕರ್‌ನಲ್ಲಿ ಸುತ್ತು ಹಾಕುತ್ತೇನೆ. ಬಾಡಿಗೆ, ಕರೆಂಟು, ಇಬ್ಬರು ಹುಡುಗರ ಸಂಬಳ ಎಲ್ಲ ಸೇರಿ ತಿಂಗಳಿಗೆ 65,000. ಪುಡಿ ಮಾರಿ ಉಳಿದದ್ದರಲ್ಲಿ ಅಷ್ಟು ಹುಟ್ಟುವ ದಿನಕ್ಕೆ ಸುತ್ತು. ಅಲ್ಲಿಂದಾಚೆ ದುಡಿದದ್ದು ಮನೆಗೆ. ಹಿಂದೆ ಸುಮಾರು 19ಕ್ಕೆ ಬೀಳುತ್ತಿದ್ದ ಸುತ್ತು ಆ ಪೇಡದ ವರ್ಷ 28ಕ್ಕೆ ಹೋಗಿತ್ತು. ಎರಡು ದಿನ ಮಾತ್ರ ನಮ್ಮದು!

ಆಮೇಲೆ ಪುಡಿಗೆ 640 ಮಾಡಿದೆ. ಉದರಿ 15 ದಿನ, ಮೇಲೆ ಇಲ್ಲ ಅಂದೆ. ಹಳೇ ಹೋಟೆಲ್‌ ಗಿರಾಕಿಯೊಬ್ಬರು ಬೇಜಾರಾಗಿ ಬೇರೆ ಕಡೆ ಹೋದರು. ಈಗ ಎದುರು ಸಿಕ್ಕರೆ ಮಾತಾಡಿಸುವುದಿಲ್ಲ. ಹೋದ ತಿಂಗಳು ಸುತ್ತು ಬಿದ್ದದ್ದು 22ಕ್ಕೆ. ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ.