ಎಸ್‌ಆರ್‌ಎಸ್ ಯಾರು?

ಕಳೆದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ತೀರ್ಥಹಳ್ಳಿಯ ಮನೆ ಅಂಗಳದಲ್ಲಿ ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದ ಮೇಲೆ ಅಪ್ಪಯ್ಯ ಮುಂದಿನ ಸೀಟಲ್ಲಿ ಕೂತು ಡ್ಯಾಶ್‌ಬೋರ್ಡ್ ಓದಿದರು. "ಎಸ್‌ಆರ್‌ಎಸ್. ಹಿಂದಿನ ಓನರ್ ಹೆಸರೇನೋ?"

ಅವರ ತಪ್ಪಲ್ಲ. ನಮ್ಮ ಹೈಸ್ಕೂಲ್ ಟೈಮ್‌ಟೇಬಲ್‌ನಲ್ಲಿ ಮೂರು ಅಕ್ಷರ ಅಂದ್ರೆ ಒಬ್ಬ ಮೇಷ್ಟ್ರು. ಮೊಬೈಲ್ ನೋಡಿ, "ಏರ್‌ಬ್ಯಾಗ್ ಅಪ್ಪಯ್ಯ, ಸಪ್ಲಿಮೆಂಟಲ್ ರಿಸ್ಟ್ರೇಂಟ್ ಸಿಸ್ಟಮ್" ಅಂದೆ. "ಸಪ್ಲಿಮೆಂಟರಿನಾ? ಮೊದಲು ಫೇಲಾಗಬೇಕಾ?" ಅಂದರು. ಹಾಗಲ್ಲ, ಇದು ಸೀಟ್ ಬೆಲ್ಟಿನ ಜೊತೆಗೆ ಇರೋದು, ಬೆಲ್ಟ್ ಹಾಕಲೇಬೇಕು ಅಂತ ಹೇಳುವಷ್ಟರಲ್ಲಿ ಇಳಿದು ಕಾಫಿಗೆ ಹೋಗಿಯಾಗಿತ್ತು.

ಜುಲೈನಲ್ಲಿ ಅಮ್ಮನ ಕಣ್ಣು ತೋರಿಸಲು ಉಡುಪಿಗೆ ಹೊರಟೆವು. ಚಿಕ್ಕಮ್ಮನೂ ಸೇರಿ ನಾಲ್ಕು ಜನ. ಆಗುಂಬೆ ಮಳೆ ಗೊತ್ತಲ್ವಾ, ವೈಪರ್ ಎಷ್ಟು ಹೊಡೆದರೂ ರಸ್ತೆ ಕಾಣಲಿಲ್ಲ, ಯಾಕಂದ್ರೆ ಮಂಜು ಕೂತಿದ್ದು ಗಾಜಿನ ಒಳಗೆ! ಚಳಿ ಅಂತ ಎಸಿ ಆರಿಸಿ, ಕಾರೊಳಗೆ ಬಾಣ ತಿರುಗುವ ಚಿತ್ರದ ಗುಂಡಿ ಒತ್ತಿದ್ದೆ. ಅಮ್ಮ ಹಿಂದಿನಿಂದ ಕೈ ಚಾಚಿ ಅಪ್ಪಯ್ಯನ ಬೈರಾಸಿನಲ್ಲಿ ಗಾಜು ಒರೆಸುತ್ತಿದ್ದರು. ಕಣ್ಣು ತೋರಿಸೋಕೆ ಹೊರಟವರೇ ನನಗೆ ದಾರಿ ತೋರಿಸುವ ಪರಿಸ್ಥಿತಿ.

ಘಾಟಿಯ ಮೊದಲ ತಿರುವಿನಲ್ಲೇ ಚಕ್ರ ಸ್ವಲ್ಪ ಜಾರಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಮಿಣಮಿಣ ಅಂತು, ಅದರಲ್ಲಿ ಕಾರಿನ ಚಿತ್ರ, ಹಿಂದೆ ಎರಡು ಹಾವಿನಂಥ ಗೆರೆ. ಪಕ್ಕದ ಗುಂಡಿಯಲ್ಲಿ ಇಎಸ್‌ಸಿ ಅಂತಿತ್ತು. ನಾನು ಕಂಪ್ಯೂಟರ್ ಬಲ್ಲವನು. ಎಸ್ಕೇಪ್ ಒತ್ತಿದರೆ ಎಂಥ ತಾಪತ್ರಯವೂ ಮಾಯ! ಒತ್ತಿ ಹಿಡಿದೆ. ಮಿಣುಕೋದು ನಿಂತು ದೀಪ ಸ್ಥಿರವಾಗಿ ಉರಿಯಿತು. ಸರಿಯಾಯ್ತು ಅಂತ 14 ತಿರುವನ್ನೂ ಹಾಗೇ ಇಳಿದೆ.

ಹೆಬ್ರಿಯಲ್ಲಿ ಚಹಾ ಕುಡಿಯುವಾಗ ಒಬ್ಬ ಟ್ಯಾಕ್ಸಿಯವರು ದೀಪ ನೋಡಿ ಹಣೆ ಚಚ್ಚಿಕೊಂಡರು. "ಎಂತ ಮಾರ್ರೆ, ಇದನ್ನು ಆಫ್ ಮಾಡಿ ಘಾಟಿ ಇಳಿದದ್ದಾ? ಜಾರುವಾಗ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುವುದೇ ಅದು. ಮಿಣುಕಿದರೆ ಕೆಲಸ ಮಾಡ್ತಾ ಉಂಟು ಅಂತ." ಆಮೇಲೆ ಬಾಣದ ಗುಂಡಿಯನ್ನೂ ತೋರಿಸಿದರು. ಅದು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ನಾಲ್ಕು ಜನರ ಉಸಿರಿನ ತೇವವೆಲ್ಲ ಗಾಜಿಗೆ. ಬಾಣ ತೆಗೆದು ಎಸಿ ಹಾಕಿದರೆ ತೇವ ಹೀರುತ್ತದಂತೆ. ಹಾಕಿದೆವು. ಎರಡೇ ನಿಮಿಷಕ್ಕೆ ಗಾಜು ಕನ್ನಡಿ. ಅಮ್ಮ ಬೈರಾಸು ಹಿಂಡಿದರು.

ಆಸ್ಪತ್ರೆಯ ಚೀಟಿಯಲ್ಲಿ ಐಒಪಿ ಅಂತ ಬರೆದಿತ್ತು. ಈ ಸಲ ಅಪ್ಪಯ್ಯ ಹುಷಾರು, ನೇರ ನರ್ಸನ್ನೇ ಕೇಳಿದರು. "ಕಣ್ಣಿನ ಪ್ರೆಶರ್ ಅಜ್ಜ, ನಾರ್ಮಲ್ ಇದೆ."

ವಾಪಸ್ ಬರುವಾಗ ಸೋಮೇಶ್ವರದ ಹತ್ತಿರ ಹೊಸ ದೀಪ. ಚಟ್ಟಿಯೊಳಗೆ ಆಶ್ಚರ್ಯಸೂಚಕ ಚಿಹ್ನೆ ಇಟ್ಟಂತೆ. ಈಗ ನಾನೂ ಹುಷಾರು, ಗಾಡಿ ನಿಲ್ಲಿಸಿ ಪುಸ್ತಕ ತೆಗೆದೆ. ಟಿಪಿಎಂಎಸ್.

"ಟೈರಿನ ಪ್ರೆಶರ್ ಕಮ್ಮಿಯಂತೆ ಅಪ್ಪಯ್ಯ."

"ಈಗಷ್ಟೇ ನಾರ್ಮಲ್ ಅಂದರಲ್ಲ ಮಾರಾಯ!"